ಗಿಡದ ಅಕ್ವೇರಿಯಂಗೆ ಮನೆಯಲ್ಲೇ ಎಲ್‌ಇಡಿ ದೀಪ: ಎರಡಡಿ ಟ್ಯಾಂಕ್‌ಗೆ ನಾನು ಮಾಡಿಕೊಂಡ ಬಗೆ

ಮೊದಲ ಸಲ ಅಕ್ವೇರಿಯಂಗೆ ನಾನೇ ದೀಪ ಮಾಡಿ ಹಾಕಿದ ಸಂಜೆ, ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ, "ಇದೇನ್ರೀ, ಭಾನುವಾರ ಅಂತ ಅರಮನೆ ದೀಪ ಹಾಕಿದ್ದೀರಾ?" ಅಂದಳು. ನಾನು ಹೊಗಳಿಕೆ ಅಂದುಕೊಂಡೆ. ಎರಡಡಿಯ ಟ್ಯಾಂಕ್ ಮೇಲೆ 50 ವ್ಯಾಟ್‌ನ ಫ್ಲಡ್‌ಲೈಟ್ ಬಿಚ್ಚಿ ಕೂರಿಸಿದ್ದೆ. ಮೈಸೂರಿನ ಕುವೆಂಪುನಗರದ ನಮ್ಮ ಹಾಲ್‌ನಲ್ಲಿ ಬೇರೆ ಟ್ಯೂಬ್‌ಲೈಟೇ ಬೇಕಿರಲಿಲ್ಲ.

ಹದಿನೈದು ದಿನ ಆಗಿರಲಿಲ್ಲ. ಗಾಜಿನ ತುಂಬ ಹಸಿರು ಚುಕ್ಕಿ ಬಂತು. ಎಲೆಯ ಅಂಚಿಗೆ ಕೂದಲಿನಂಥ ಪಾಚಿ ನೇತಾಡತೊಡಗಿತು. ಗಿಡ ಮಾತ್ರ ಇದ್ದಲ್ಲೇ ಇತ್ತು. ಪಾಂಡವಪುರದ ಕಡೆ ಕಬ್ಬು, ಭತ್ತ ಬೆಳೆಯುವ ನಮ್ಮ ಸೋದರಮಾವ ಮನೆಗೆ ಬಂದವರು ಟ್ಯಾಂಕ್ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. "ಗೊಬ್ರ ಇಲ್ದೆ ಬರೀ ಬಿಸ್ಲು ಕೊಟ್ರೆ ಇನ್ನೇನಾಯ್ತದೆ? ಬೆಳೆ ನಿಂತ್ಕತದೆ, ಕಳೆ ಎದ್ದೇಳ್ತದೆ" ಅಂದರು. ಅಕ್ವೇರಿಯಂ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದರೂ ವಿಷಯ ಪೂರ್ತಿ ಅಷ್ಟೇ.

ಬೆಳಕು ಜಾಸ್ತಿ ಆದಷ್ಟೂ ಗಿಡಕ್ಕೆ ಹಸಿವು ಜಾಸ್ತಿ. ಆ ಹಸಿವಿಗೆ ತಕ್ಕಷ್ಟು ಇಂಗಾಲದ ಡೈಆಕ್ಸೈಡ್, ಸಾರಜನಕ, ರಂಜಕ, ಪೊಟ್ಯಾಶ್ ನೀರಲ್ಲಿ ಇಲ್ಲದಿದ್ದರೆ ಗಿಡ ನಿಂತುಬಿಡುತ್ತದೆ. ಪಾಚಿಗೆ ಅಷ್ಟೆಲ್ಲ ಬೇಡ, ಸ್ವಲ್ಪದರಲ್ಲೇ ಬದುಕುತ್ತದೆ. ಹಾಗಾಗಿ ನಾನು ಎರಡನೇ ಸಲ ಮಾಡಿದ ದೀಪದಲ್ಲಿ ಎಷ್ಟು ಬೆಳಕು ಬರುತ್ತದೆ ಅನ್ನುವುದಕ್ಕಿಂತ ಎಷ್ಟು ಸುಲಭವಾಗಿ ಕಡಿಮೆ ಮಾಡಬಹುದು ಅನ್ನುವುದನ್ನು ಮೊದಲು ನೋಡಿದೆ. ಇಲ್ಲಿ ಹೇಳುತ್ತಿರುವುದು ಆ ಎರಡನೇ ದೀಪದ ಕಥೆ.

ಎಷ್ಟು ಬೆಳಕು ಬೇಕು

ನನ್ನ ಟ್ಯಾಂಕ್ 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರ. ಲೆಕ್ಕ ಹಾಕಿದರೆ ಸುಮಾರು 70 ಲೀಟರ್. ಮಣ್ಣು, ಕಲ್ಲು ಹಾಕಿ, ಮೇಲೆ ಒಂದಿಂಚು ಬಿಟ್ಟರೆ ನೀರು 60 ಲೀಟರ್ ನಿಲ್ಲುತ್ತದೆ ಅಂತ ಇಟ್ಟುಕೊಳ್ಳಿ.

ಹವ್ಯಾಸಿಗಳು ಬಳಸುವ ಒಂದು ಒರಟು ಲೆಕ್ಕ ಇದೆ. ಒಂದು ಲೀಟರ್ ನೀರಿಗೆ 10ರಿಂದ 20 ಲ್ಯೂಮೆನ್ (ಬೆಳಕಿನ ಅಳತೆ) ಇದ್ದರೆ ಕಡಿಮೆ ಬೆಳಕು, 20ರಿಂದ 40 ಇದ್ದರೆ ಮಧ್ಯಮ, ಅದಕ್ಕೂ ಮೇಲಾದರೆ ಜಾಸ್ತಿ. ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ ಇವೆಲ್ಲ ಕಡಿಮೆ ಬೆಳಕಲ್ಲೇ ಹಾಯಾಗಿರುತ್ತವೆ. ಕೆಂಪು ಎಲೆಯ ರೊಟಾಲಾ, ನೆಲಕ್ಕೆ ಹುಲ್ಲಿನಂತೆ ಹರಡುವ ಗಿಡಗಳಿಗೆ ಜಾಸ್ತಿ ಬೇಕು. ಆದರೆ ಅವುಗಳಿಗೆ ಸಿಲಿಂಡರ್ ಇಟ್ಟು ಡೈಆಕ್ಸೈಡ್ ಕೊಡದೆ ಬರೀ ಬೆಳಕು ಕೊಟ್ಟು ಪ್ರಯೋಜನವಿಲ್ಲ.

ನಾನು ಲೀಟರ್‌ಗೆ 30 ಅಂತ ಹಿಡಿದೆ. 60 ಲೀಟರ್‌ಗೆ 1800 ಲ್ಯೂಮೆನ್. ಒಂದು ವ್ಯಾಟ್‌ನ ಬಿಳಿ ಎಲ್‌ಇಡಿ, ಮಾರುವವರು ಏನೇ ಹೇಳಲಿ, 300 ಮಿಲಿ ಆಂಪ್‌ನಲ್ಲಿ 90ರ ಆಸುಪಾಸು ಕೊಡುತ್ತದೆ. ಅಂದರೆ 20 ಎಲ್‌ಇಡಿ. ಇದನ್ನು ಹತ್ತು ಹತ್ತರ ಎರಡು ಸಾಲು ಮಾಡಿ, ಒಂದೊಂದು ಸಾಲಿಗೆ ಬೇರೆ ಬೇರೆ ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟನ್ನು ಹಿಡಿದಿಡುವ ಸಾಧನ) ಕೊಟ್ಟೆ. ಒಂದು ಸಾಲು ಮಾತ್ರ ಉರಿದರೆ ಕಡಿಮೆ ಬೆಳಕಿನ ಟ್ಯಾಂಕ್, ಎರಡೂ ಉರಿದರೆ ಮಧ್ಯಮ. ಡಿಮ್ಮರ್ ಇಲ್ಲ, ಆರ್ಡಿನೊದಂಥ ಪುಟ್ಟ ಕಂಪ್ಯೂಟರ್ ಬೋರ್ಡ್ ಇಲ್ಲ, ಏನೂ ಇಲ್ಲ. ಎರಡು ಸ್ವಿಚ್ ಅಷ್ಟೇ.

ಲ್ಯೂಮೆನ್ ಅನ್ನುವುದು ಮನುಷ್ಯರ ಕಣ್ಣಿನ ಅಳತೆ, ಗಿಡದ್ದಲ್ಲ. ಗಿಡದ ಅಳತೆಗೆ ಪಾರ್ ಅಂತ ಹೆಸರು. ಅದರ ಮೀಟರ್ ದುಬಾರಿ. ಆದರೆ ಬಿಳಿ ಎಲ್‌ಇಡಿಗೆ ಸುಮಾರು 70 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಅಂದರೆ ಒಂದು ಪಾರ್ ಅಂತ ಇಟ್ಟುಕೊಂಡರೆ ಫೋನಿನ ಲಕ್ಸ್ ಆಪ್‌ನಲ್ಲೇ ಅಂದಾಜು ಸಿಗುತ್ತದೆ. ನೀರು ತುಂಬುವ ಮುಂಚೆ ಖಾಲಿ ಟ್ಯಾಂಕ್‌ನ ತಳದಲ್ಲಿ ಫೋನ್ ಮಲಗಿಸಿ, ದೀಪ ಹಾಕಿ ನೋಡಿ. ತಳದಲ್ಲಿ 2000 ಲಕ್ಸ್ ಬಂದರೆ 30 ಪಾರ್‌ನ ಹತ್ತಿರ, ಸುಲಭದ ಗಿಡಗಳಿಗೆ ಸಾಕು. 3500 ಬಂದರೆ 50 ಪಾರ್‌ನ ಹತ್ತಿರ. ಫೋನಿಂದ ಫೋನಿಗೆ ಸಂಖ್ಯೆ ಬದಲಾಗುತ್ತದೆ, ಹಾಗಾಗಿ ಇದನ್ನು ವೇದವಾಕ್ಯ ಅಂದುಕೊಳ್ಳಬೇಡಿ.

ಯಾವ ಬಣ್ಣ

ನೀಲಿ-ಕೆಂಪು ಮಾತ್ರ ಹಾಕಿ, ಗಿಡಕ್ಕೆ ಬೇರೆ ಬಣ್ಣ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪತ್ರಹರಿತ್ತು ನೀಲಿ ಮತ್ತು ಕೆಂಪನ್ನು ಹೆಚ್ಚಾಗಿ ಹೀರುತ್ತದೆ ಅನ್ನುವುದು ನಿಜ. ಆದರೆ ಹಸಿರು ಬೆಳಕನ್ನೂ ಗಿಡ ಬಳಸಿಕೊಳ್ಳುತ್ತದೆ. ಅದೂ ಅಲ್ಲದೆ ನೇರಳೆ ಬೆಳಕಿನಲ್ಲಿ ನಿಮ್ಮ ಮೀನು, ಗಿಡ ಎಲ್ಲಾ ಬದನೆಕಾಯಿ ಬಣ್ಣಕ್ಕೆ ಕಾಣುತ್ತವೆ. ನೋಡುವುದಕ್ಕೇ ತಾನೆ ಸಾಕುವುದು?

ಬಿಳಿ ಎಲ್‌ಇಡಿಯ ಒಳಗೆ ಇರುವುದೇ ನೀಲಿ ಎಲ್‌ಇಡಿ. ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ, ಎರಡೂ ಸೇರಿ ಬಿಳಿ. ಆ ನೀಲಿ ಎಲ್‌ಇಡಿಗಾಗಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದ ಮೂವರಲ್ಲಿ ಒಬ್ಬರ ಹೆಸರು ಹಿರೋಶಿ ಅಮಾನೊ. ನೀರೊಳಗಿನ ತೋಟವನ್ನು ಒಂದು ಕಲೆಯಾಗಿ ಬೆಳೆಸಿದವರ ಹೆಸರು ತಕಾಶಿ ಅಮಾನೊ, ಅವರೂ ಜಪಾನಿನವರೇ. ಇಬ್ಬರೂ ಒಬ್ಬರೇ ಅಂತ ನಾನು ಒಂದು ವರ್ಷ ತಿಳಿದುಕೊಂಡಿದ್ದೆ.

ನನ್ನ ಒಂದು ಸಾಲಿನಲ್ಲಿ ಇರುವುದು ಹೀಗೆ: 6500 ಕೆಲ್ವಿನ್‌ನ ಕೂಲ್ ವೈಟ್ 7, 3000 ಕೆಲ್ವಿನ್‌ನ ವಾರ್ಮ್ ವೈಟ್ 2, 660 ನ್ಯಾನೊಮೀಟರ್‌ನ ಕಡುಗೆಂಪು 1. ಕೆಂಪು ಸಿಗದಿದ್ದರೆ ಬಿಡಿ, ಅದರ ಜಾಗಕ್ಕೂ ವಾರ್ಮ್ ವೈಟ್ ಹಾಕಿ. ಕೆಂಪು ಎರಡನ್ನೂ ಪಕ್ಕಪಕ್ಕ ಮಾತ್ರ ಇಡಬೇಡಿ. ಮುಂದಿನ ಸಾಲಿನಲ್ಲಿ ಮೂರನೆಯದು, ಹಿಂದಿನ ಸಾಲಿನಲ್ಲಿ ಎಂಟನೆಯದು, ಹೀಗೆ ದೂರ ಇದ್ದರೆ ಬಣ್ಣ ಬೆರೆಯುತ್ತದೆ. ಇಲ್ಲದಿದ್ದರೆ ಮರಳಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಒಂದು ಕಲೆ ಕಾಣುತ್ತದೆ.

ಸಾಮಾನು

ಮೈಸೂರಿನಲ್ಲಿ ಬಹುತೇಕ ಎಲ್ಲಾ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗದ್ದು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗುತ್ತದೆ.

- ಸ್ಟಾರ್ ಆಕಾರದ ಅಲ್ಯೂಮಿನಿಯಂ ಬಿಲ್ಲೆ ಮೇಲೆ ಕೂರಿಸಿದ 1 ವ್ಯಾಟ್ ಎಲ್‌ಇಡಿ 20. ಇನ್ನೂ ಮೂರು ಹೆಚ್ಚಿಗೆ ತನ್ನಿ.
- 300 ಮಿಲಿ ಆಂಪ್‌ನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ 2.
- ಮೂರಿಂಚು ಅಗಲ, ಒಂದಿಂಚು ಅಂಚಿನ ಅಲ್ಯೂಮಿನಿಯಂ ಸಿ-ಚಾನೆಲ್, 22 ಇಂಚು ಉದ್ದ.
- ಥರ್ಮಲ್ ಪೇಸ್ಟ್, 3 ಎಂಎಂ ಸ್ಕ್ರೂ-ನಟ್, ಸ್ಕ್ರೂ ತಲೆಯ ಕೆಳಗೆ ಹಾಕಲು ಪ್ಲಾಸ್ಟಿಕ್ ವಾಷರ್.
- 3 ಎಂಎಂ ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆ.
- ತಂತಿ, ಬೆಸುಗೆಗೆ ಸೋಲ್ಡರ್ ಮತ್ತು ಫ್ಲಕ್ಸ್, ಮಲ್ಟಿಮೀಟರ್, 3 ವೋಲ್ಟ್‌ನ ಬಟನ್ ಸೆಲ್ ಒಂದು.

ಚಾನೆಲ್‌ಗೆ ಹೊಸ ಅಲ್ಯೂಮಿನಿಯಂ ಕೊಳ್ಳಬೇಡಿ. ಸ್ಲೈಡಿಂಗ್ ಕಿಟಕಿ ಮಾಡುವ ಫ್ಯಾಬ್ರಿಕೇಷನ್ ಅಂಗಡಿಗೆ ಹೋಗಿ ಮೂಲೆಯಲ್ಲಿ ಬಿದ್ದಿರುವ ಕತ್ತರಿಸಿದ ತುಂಡು ಕೇಳಿ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಅಳತೆಗೆ ಕೊಯ್ದೂ ಕೊಡುತ್ತಾರೆ. ತಂತಿಗೂ ಅಷ್ಟೆ, ಹಳೆಯ ಲ್ಯಾನ್ ಕೇಬಲ್ ಸೀಳಿದರೆ ಒಳಗೆ ಎಂಟು ತಂತಿ ಇರುತ್ತವೆ. 300 ಮಿಲಿ ಆಂಪ್‌ಗೆ ಅದು ಧಾರಾಳ. ನನಗೆ ಎಲ್ಲಾ ಸೇರಿ ಒಂದೂವರೆ ಸಾವಿರದ ಒಳಗೆ ಮುಗಿಯಿತು.

ಯಾಕೆ ಇಷ್ಟೆಲ್ಲ, ಸುಮ್ನೆ 12 ವೋಲ್ಟ್‌ನ ಸ್ಟ್ರಿಪ್ ಅಂಟಿಸಿದರೆ ಆಗಲ್ವಾ? ಆಗುತ್ತದೆ. ಒಂದಡಿಯ ಪುಟ್ಟ ಟ್ಯಾಂಕ್‌ಗೆ ಅದೇ ಒಳ್ಳೆಯದು. ಆದರೆ ಸ್ಟ್ರಿಪ್‌ನ ಅಂಟು ಬಿಸಿಗೆ ಬಿಡುತ್ತದೆ. ಅಂಟಿನಂಥ ಪಾರದರ್ಶಕ ಹೊದಿಕೆ ಇರುವ ಅಗ್ಗದ ಸ್ಟ್ರಿಪ್ ಬೇಗ ಹಳದಿಗೆ ತಿರುಗುತ್ತದೆ. ಹೊದಿಕೆ ಇಲ್ಲದ್ದು ನೀರಿನ ಆವಿಗೆ ತುಕ್ಕು ಹಿಡಿಯುತ್ತದೆ. ನಾನು ಹಾಕಿದ್ದು ಮೂರೇ ತಿಂಗಳಿಗೆ ಮಿಣಮಿಣ ಅನ್ನತೊಡಗಿತು.

ಡ್ರೈವರ್: ಇಲ್ಲಿ ಅವಸರ ಬೇಡ

ಎಲ್‌ಇಡಿಗೆ ಬೇಕಿರುವುದು ಇಂತಿಷ್ಟು ವೋಲ್ಟ್ ಅಲ್ಲ, ಇಂತಿಷ್ಟು ಕರೆಂಟ್. ವೋಲ್ಟ್ ಸ್ವಲ್ಪ ಏರಿದರೂ ಕರೆಂಟ್ ಸಿಕ್ಕಾಪಟ್ಟೆ ಏರುತ್ತದೆ. ಬಿಸಿಯಾದರಂತೂ ಇನ್ನೂ ಏರುತ್ತದೆ. ಅದನ್ನು ಹಿಡಿದಿಡುವುದೇ ಡ್ರೈವರ್ ಕೆಲಸ.

ಸರಣಿಯಲ್ಲಿ ಕಟ್ಟಿದ ಎಲ್‌ಇಡಿಗಳ ವೋಲ್ಟ್ ಕೂಡಿಸಿ. ಬಿಳಿಗೆ ಒಂದಕ್ಕೆ 3.2, ಕೆಂಪಿಗೆ 2.2 ಅಂತ ಹಿಡಿಯಿರಿ. ಒಂಬತ್ತು ಬಿಳಿಗೆ 28.8, ಒಂದು ಕೆಂಪಿಗೆ 2.2, ಒಟ್ಟು 31 ವೋಲ್ಟ್. ಡ್ರೈವರ್ ಮೇಲೆ ಔಟ್‌ಪುಟ್ 24ರಿಂದ 42 ವೋಲ್ಟ್ ಅಂತ ಇದ್ದರೆ ನಮ್ಮ 31 ಅದರ ಮಧ್ಯದಲ್ಲಿ ಬಂತು, ಸರಿಯಾಯಿತು. ಅಂಚಿಗೆ ಬಂದರೆ ಒಂದು ಎಲ್‌ಇಡಿ ಕಳೆಯಿರಿ ಅಥವಾ ಸೇರಿಸಿ. 31 ವೋಲ್ಟ್, 0.3 ಆಂಪ್ ಅಂದರೆ ಸಾಲಿಗೆ 9.3 ವ್ಯಾಟ್. ಎರಡಕ್ಕೂ ಸೇರಿ, ಡ್ರೈವರ್ ತಿನ್ನುವುದನ್ನೂ ಲೆಕ್ಕ ಹಿಡಿದರೆ, ಪ್ಲಗ್‌ನಿಂದ 22 ವ್ಯಾಟ್. ದಿನಕ್ಕೆ 7 ಗಂಟೆ ಉರಿಸಿದರೂ ತಿಂಗಳಿಗೆ 5 ಯೂನಿಟ್ ದಾಟುವುದಿಲ್ಲ.

ಈಗ ಮುಖ್ಯ ವಿಷಯ. ಅಗ್ಗದ ಡ್ರೈವರ್‌ಗಳಲ್ಲಿ ಎರಡು ಜಾತಿ ಇದೆ. ಒಂದರಲ್ಲಿ ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದು, 230 ವೋಲ್ಟ್‌ನ ಕಡೆಗೂ ಎಲ್‌ಇಡಿ ಕಡೆಗೂ ನೇರ ಸಂಬಂಧ ಇರುವುದಿಲ್ಲ. ಇದನ್ನು ಐಸೊಲೇಟೆಡ್ ಅನ್ನುತ್ತಾರೆ. ಇನ್ನೊಂದು ಬಲ್ಬ್‌ಗಳ ಒಳಗೆ ಹಾಕುವ ಜಾತಿ. ಅದರಲ್ಲಿ ಎಲ್‌ಇಡಿಯ ತಂತಿ ಮುಟ್ಟಿದರೆ ಮನೆಯ ಮೈನ್ಸ್ ಮುಟ್ಟಿದ ಹಾಗೇ. ಬಲ್ಬ್‌ಗೆ ಪ್ಲಾಸ್ಟಿಕ್ ಮೈ ಇರುವುದರಿಂದ ನಡೆಯುತ್ತದೆ. ನಮ್ಮದು ಲೋಹದ ಚಾನೆಲ್, ಕೆಳಗೆ ನೀರು, ಆ ನೀರಿಗೆ ದಿನಾ ಕೈ ಹಾಕುವವರು ನಾವು. ಐಸೊಲೇಟೆಡ್ ಬಿಟ್ಟು ಬೇರೆಯದನ್ನು ತರಲೇಬೇಡಿ.

ಅಂಗಡಿಯಲ್ಲಿ ಕೇಳಿದರೆ "ಎಲ್ಲಾ ಅದೇ ಸಾರ್" ಅನ್ನುತ್ತಾರೆ. ತಂದ ಮೇಲೆ ನೀವೇ ನೋಡಿ. ಡ್ರೈವರ್ ಪ್ಲಗ್‌ಗೆ ಹಾಕಿರಬಾರದು. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಒಂದು ಕಡ್ಡಿ ಇನ್‌ಪುಟ್ ತಂತಿಗೆ, ಇನ್ನೊಂದು ಔಟ್‌ಪುಟ್ ತಂತಿಗೆ. ಎರಡು ಇನ್‌ಪುಟ್, ಎರಡು ಔಟ್‌ಪುಟ್, ನಾಲ್ಕು ಜೋಡಿ. ಪ್ರತಿ ಜೋಡಿಯಲ್ಲೂ ಕಡ್ಡಿ ಅದಲು ಬದಲು ಮಾಡಿ ನೋಡಿ. ಎಲ್ಲದರಲ್ಲೂ ಏನೂ ತೋರಿಸದೆ ಖಾಲಿ ಇದ್ದರೆ ಒಳ್ಳೆಯ ಲಕ್ಷಣ. ಎಲ್ಲಾದರೂ 0.5 ಆಸುಪಾಸಿನ ಅಂಕಿ ಬಂದು ನಿಂತರೆ ಅದು ಐಸೊಲೇಟೆಡ್ ಅಲ್ಲ, ವಾಪಸ್ ಕೊಡಿ. ನಾನು ತಂದ ಮೊದಲ ಜೊತೆಯಲ್ಲಿ ಎರಡೂ ಹೀಗೇ ಬಂದವು. ಡಬ್ಬಿಯ ಮೇಲೆ ಮಾತ್ರ ಬೇರೆಯೇ ಬರೆದಿತ್ತು.

ಹಾಗೇ ಮನೆಯ ಬೋರ್ಡ್‌ನಲ್ಲಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ನೋಡಿಸಿ. ಹಳೆಯ ಮನೆಗಳಲ್ಲಿ ಇರುವುದಿಲ್ಲ. ದೀಪಕ್ಕಲ್ಲದಿದ್ದರೂ ಟ್ಯಾಂಕ್‌ನ ಹೀಟರ್, ಫಿಲ್ಟರ್‌ಗಾದರೂ ಅದು ಬೇಕೇ ಬೇಕು. 230 ವೋಲ್ಟ್‌ನ ಕೆಲಸ ರೂಢಿ ಇಲ್ಲದಿದ್ದರೆ ಆ ಭಾಗವನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ನಾಚಿಕೆಪಡುವಂಥದ್ದೇನೂ ಇಲ್ಲ.

ಕಟ್ಟುವ ಕೆಲಸ

ಮೊದಲು ಗುರುತು. ಚಾನೆಲ್‌ನ ಒಳಮೈಯಲ್ಲಿ ಉದ್ದಕ್ಕೆ ಎರಡು ಗೆರೆ ಎಳೆಯಿರಿ, ನಡುವೆ ಒಂದೂವರೆ ಇಂಚು ಅಂತರ ಇರಲಿ. ಎರಡೂ ತುದಿಯಲ್ಲಿ 2 ಇಂಚು ಬಿಟ್ಟು, 2 ಇಂಚಿಗೆ ಒಂದರಂತೆ ಗುರುತು ಹಾಕಿ. ಒಂದು ಗೆರೆಗೆ ಸರಿಯಾಗಿ ಹತ್ತು ಬರುತ್ತವೆ. ಮುಂದಿನ ಗೆರೆ ಪೂರ್ತಿ ಒಂದು ಸಾಲು, ಹಿಂದಿನದು ಇನ್ನೊಂದು. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಅಂತ ಹಂಚಬೇಡಿ. ಒಂದೇ ಸಾಲು ಉರಿಯುವಾಗ ಟ್ಯಾಂಕ್ ಅರ್ಧ ಕತ್ತಲಾಗುತ್ತದೆ.

ಸ್ಟಾರ್ ಬಿಲ್ಲೆಯ ಅಂಚಿನ ಕಚ್ಚಿಗೆ ಸ್ಕ್ರೂ ಬರುವಂತೆ 3 ಎಂಎಂ ತೂತು ಕೊರೆಯಿರಿ. ಒಂದೊಂದು ಎಲ್‌ಇಡಿಗೆ ಎದುರುಬದುರು ಎರಡು ಸ್ಕ್ರೂ. ತೂತಿನ ಬಾಯಲ್ಲಿ ಏಳುವ ಚೂಪು ಅಂಚನ್ನು ದಪ್ಪ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೆಗೆಯಿರಿ. ಆ ಚೂಪು ಉಳಿದರೆ ಬಿಲ್ಲೆ ಚಪ್ಪಟೆ ಕೂರುವುದಿಲ್ಲ, ಬಿಸಿ ಇಳಿಯುವುದಿಲ್ಲ.

ಬೆಸುಗೆ ವಿಷಯದಲ್ಲಿ ನಾನು ಎಡವಿದ್ದನ್ನು ಹೇಳುತ್ತೇನೆ. ಎಲ್ಲಾ ಎಲ್‌ಇಡಿಗಳನ್ನು ಚಾನೆಲ್‌ಗೆ ಬಿಗಿದು, ಆಮೇಲೆ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಹಿಡಿದು ಕೂತೆ. ಸೋಲ್ಡರ್ ಕರಗಲೇ ಇಲ್ಲ. ಬಿಲ್ಲೆ ಅಲ್ಯೂಮಿನಿಯಂ, ಅದರ ಕೆಳಗೆ ಚಾನೆಲ್ಲೂ ಅಲ್ಯೂಮಿನಿಯಂ. ಐರನ್‌ನ ಬಿಸಿಯನ್ನೆಲ್ಲ ಅವು ಹೀರಿಕೊಂಡು ತಣ್ಣಗೆ ಕೂತವು. ಸೋಲ್ಡರ್ ಉಂಡೆಯಾಗಿ ಉರುಳಿ ಹೋಗುತ್ತಿತ್ತು. ಸರಿಯಾದ ದಾರಿ ಇದು: ಬಿಲ್ಲೆಗಳನ್ನು ಒಂದು ಮರದ ಹಲಗೆ ಮೇಲೆ ಇಟ್ಟು, ಬಳಸುವ ಎರಡು ಪ್ಯಾಡ್‌ಗೆ (ತಂತಿ ಬೆಸೆಯುವ ಜಾಗಕ್ಕೆ) ಮೊದಲೇ ಫ್ಲಕ್ಸ್ ಹಚ್ಚಿ ಸೋಲ್ಡರ್‌ನ ಸಣ್ಣ ಗುಬ್ಬಿ ಮಾಡಿಕೊಳ್ಳಿ. ತಂತಿಯ ತುದಿಗೂ ಸೋಲ್ಡರ್ ಹಿಡಿಸಿಕೊಳ್ಳಿ. ಚಾನೆಲ್‌ಗೆ ಕೂರಿಸಿದ ಮೇಲೆ 40ರಿಂದ 60 ವ್ಯಾಟ್‌ನ ಐರನ್‌ನಲ್ಲಿ ಎರಡು ಸೆಕೆಂಡ್ ಮುಟ್ಟಿಸಿದರೆ ಗುಬ್ಬಿ ಹೊಳೆದು, ತಂತಿ ಒಳಗೆ ಮುಳುಗುತ್ತದೆ. ಆ ಹೊಳಪು ಆರುವವರೆಗೆ ಕೈ ಅಲ್ಲಾಡಬಾರದು. ಮಂಕಾಗಿ, ಪುಡಿಪುಡಿಯಾಗಿ ಕಂಡರೆ ಆ ಬೆಸುಗೆ ಇನ್ನೊಮ್ಮೆ ಮಾಡಿ.

ಕೂರಿಸುವ ಮುಂಚೆ ಪ್ರತಿ ಎಲ್‌ಇಡಿಯನ್ನೂ ಬಟನ್ ಸೆಲ್‌ನಲ್ಲಿ ಮುಟ್ಟಿಸಿ ನೋಡಿ. ಕಾರಿನ ರಿಮೋಟ್ ಒಳಗೆ ಇರುತ್ತದಲ್ಲ, ಅದೇ. ಬಿಳಿಯೂ ಕೆಂಪೂ ಮಿಣುಕು ಬೆಳಕು ಕೊಡುತ್ತವೆ, ಸುಡುವ ಭಯ ಇಲ್ಲ. ಎಲ್ಲಿ ಪ್ಲಸ್, ಎಲ್ಲಿ ಮೈನಸ್ ಅನ್ನುವುದೂ ಖಾತ್ರಿಯಾಗುತ್ತದೆ. ಅಗ್ಗದ ಬಿಲ್ಲೆಗಳಲ್ಲಿ ಎಲ್‌ಇಡಿಯನ್ನೇ ತಿರುಗಾಮುರುಗಾ ಬೆಸೆದಿರುವುದೂ ಉಂಟು.

ಥರ್ಮಲ್ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು. ಬಿಲ್ಲೆಯನ್ನು ಒತ್ತಿ ಎಡಬಲ ತಿರುಗಿಸಿದರೆ ತೆಳ್ಳಗೆ ಹರಡುತ್ತದೆ. ಚಪಾತಿಗೆ ತುಪ್ಪ ಸವರುವ ಹಾಗೆ ಬಳಿಯಬೇಡಿ, ದಪ್ಪ ಆದರೆ ಅದೇ ಬಿಸಿಗೆ ಅಡ್ಡ ಬರುತ್ತದೆ. ಸ್ಕ್ರೂ ತಲೆಯ ಕೆಳಗೆ ಪ್ಲಾಸ್ಟಿಕ್ ವಾಷರ್ ಮರೆಯಬೇಡಿ, ಇಲ್ಲದಿದ್ದರೆ ತಲೆ ಪ್ಯಾಡ್‌ಗೆ ತಾಗಿ ಶಾರ್ಟ್ ಆಗುತ್ತದೆ.

ಒಂದರ ಮೈನಸ್‌ನಿಂದ ಮುಂದಿನದರ ಪ್ಲಸ್‌ಗೆ ತಂತಿ, ಹೂ ಪೋಣಿಸಿದ ಹಾಗೆ. ಕೊನೆಗೆ ಸಾಲಿಗೆ ಎರಡು ತುದಿ ಉಳಿಯುತ್ತವೆ, ಒಂದು ಪ್ಲಸ್, ಒಂದು ಮೈನಸ್. ಈಗ ಮೀಟರನ್ನು ಬೀಪ್ ಗುರುತಿಗೆ ಹಾಕಿ, ಒಂದು ಕಡ್ಡಿ ಚಾನೆಲ್‌ಗೆ, ಇನ್ನೊಂದನ್ನು ಪ್ರತಿ ಬೆಸುಗೆಗೂ ಮುಟ್ಟಿಸುತ್ತಾ ಹೋಗಿ. ಎಲ್ಲೂ ಬೀಪ್ ಬರಬಾರದು. ಬಂದರೆ ಅಲ್ಲಿ ಒಂದು ಎಳೆ ತಂತಿ ಅಥವಾ ಸ್ಕ್ರೂ ತಾಗಿದೆ ಅಂತ.

ಹಾಕಿ ನೋಡುವುದು

ಮೊದಲು ಎಲ್‌ಇಡಿ ಸಾಲನ್ನು ಡ್ರೈವರ್‌ಗೆ ಜೋಡಿಸಿ, ಆಮೇಲೆ ಪ್ಲಗ್ ಹಾಕಿ. ಈ ಕ್ರಮ ತಪ್ಪಬಾರದು. ಎಲ್‌ಇಡಿ ಇಲ್ಲದೆ ಡ್ರೈವರ್‌ಗೆ ಕರೆಂಟ್ ಕೊಟ್ಟರೆ ಅದು ವೋಲ್ಟನ್ನು ತನ್ನ ಮಿತಿಯವರೆಗೆ ಏರಿಸಿಕೊಂಡು ಕಾಯುತ್ತಿರುತ್ತದೆ. ಆಗ ಸಾಲನ್ನು ತಂದು ಮುಟ್ಟಿಸಿದರೆ ಅಷ್ಟೂ ಒಮ್ಮೆಗೇ ನುಗ್ಗುತ್ತದೆ. ನಾನು ಹೀಗೆ ಮಾಡಿ ಮೂರು ಎಲ್‌ಇಡಿ ಕಳೆದುಕೊಂಡಿದ್ದೇನೆ. ಟಪ್ ಅಂತ ಶಬ್ದವೂ ಬರಲಿಲ್ಲ, ಸುಮ್ಮನೆ ಸತ್ತವು.

ಬೆಳಕಿನ ಮೇಲೆ ಒಂದು ಬಿಳಿ ಹಾಳೆ ಮುಚ್ಚಿ, ನೇರ ನೋಡಬೇಡಿ. ಸಾಲಿನ ಎರಡು ತುದಿಯ ನಡುವೆ ವೋಲ್ಟ್ ಅಳೆಯಿರಿ. 28ರಿಂದ 32ರ ಒಳಗೆ ಬಂದರೆ ಎಲ್ಲಾ ಸರಿ ಇದೆ. ಅರ್ಧ ಗಂಟೆ ಬಿಟ್ಟು ಚಾನೆಲ್‌ನ ಬೆನ್ನಿನ ಮೇಲೆ ಅಂಗೈ ಇಡಿ. ಐದಾರು ಸೆಕೆಂಡ್ ಆರಾಮಾಗಿ ಇಡಲು ಆದರೆ ಸಾಕು. ಚುರ್ ಅಂದು ಕೈ ತೆಗೆಯುವ ಹಾಗಾದರೆ ಅಲ್ಯೂಮಿನಿಯಂ ಸಾಲದು. ಒಂದು ವ್ಯಾಟ್‌ಗೆ 50 ಚದರ ಸೆಂಟಿಮೀಟರ್‌ನಷ್ಟು ಗಾಳಿಗೆ ತೆರೆದ ಮೈ ಇರಲಿ ಅನ್ನುವುದು ಲೆಕ್ಕ. ನಮ್ಮ ಚಾನೆಲ್‌ಗೆ ಒಳಗೂ ಹೊರಗೂ ಸೇರಿ 1400 ಇದೆ. ಆದರೆ ಅಕ್ರಿಲಿಕ್ ಮುಚ್ಚಿದ ಮೇಲೆ ಒಳಮೈಗೆ ಗಾಳಿ ಸಿಗುವುದಿಲ್ಲ, ಹೊರಮೈಯೊಂದೇ ಕೆಲಸ ಮಾಡುತ್ತದೆ. ಹಾಗಾಗಿ ಮುಚ್ಚಿದ ಮೇಲೂ ಇನ್ನೊಮ್ಮೆ ಕೈ ಇಟ್ಟು ನೋಡಿ. ಮೈಸೂರಿನ ಹವೆಗೆ ನನ್ನದು ಫ್ಯಾನ್ ಇಲ್ಲದೆ ನಡೆಯುತ್ತಿದೆ. ಏಪ್ರಿಲ್ ಮಧ್ಯಾಹ್ನ ಮಾತ್ರ ಒಂದು ಸಾಲು ಆರಿಸುತ್ತೇನೆ, ಆಗ ನೀರೂ ಬಿಸಿಯೇ ಇರುತ್ತದೆ.

ಅಕ್ರಿಲಿಕ್ ಹಾಳೆಯನ್ನು ಚಾನೆಲ್ ಬಾಯಿಗೆ ಮುಚ್ಚಿ ಅಂಚಿಗೆ ಸಿಲಿಕೋನ್ ಕೊಡಿ. ಇಲ್ಲೊಂದು ಸೂಕ್ಷ್ಮ ಇದೆ. ಟ್ಯಾಂಕ್ ಅಂಟಿಸುವ, ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಬೇಡ. ಆ ಆಮ್ಲದ ಆವಿ ಒಳಗೇ ಉಳಿದು ತಾಮ್ರ, ಬೆಸುಗೆ ಎಲ್ಲ ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತನ್ನಿ, ಅದಕ್ಕೆ ಆ ವಾಸನೆ ಇರುವುದಿಲ್ಲ.

ಚಾನೆಲ್‌ಗೆ ಒಂದು ಅರ್ತ್ ತಂತಿ ಸ್ಕ್ರೂ ಹಾಕಿ ಕೊಡಿ. ಡ್ರೈವರ್‌ಗಳು ದೀಪದ ಜೊತೆ ಇರಬಾರದು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಟ್ಯಾಂಕ್‌ನಿಂದ ದೂರ, ನೀರು ಸಿಡಿಯದ ಕಡೆ ಗೋಡೆಗೆ ಹೊಡೆಯಿರಿ. ದೀಪದಿಂದ ಡಬ್ಬಿಗೆ ಹೋಗುವ ತಂತಿ ಒಮ್ಮೆ ಜೋಲಿಯಂತೆ ಕೆಳಗಿಳಿದು ಮತ್ತೆ ಮೇಲೇರಬೇಕು. ತಂತಿ ಹಿಡಿದು ಹರಿದು ಬಂದ ಹನಿ ಆ ಜೋಲಿಯ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ ತಲುಪುವುದಿಲ್ಲ.

ಎತ್ತರ ನೀರಿನಿಂದ ಐದಾರು ಇಂಚು. ನಾನು ಎರಡು ತೆಳು ಚೈನ್‌ನಲ್ಲಿ ನೇತು ಹಾಕಿದ್ದೇನೆ. ಪಾಚಿ ತಲೆ ಎತ್ತಿದರೆ ಚೈನ್‌ನ ಎರಡು ಕೊಂಡಿ ಮೇಲಕ್ಕೆ. ಇದಕ್ಕಿಂತ ಅಗ್ಗದ ಡಿಮ್ಮರ್ ಇಲ್ಲ.

ಎಷ್ಟು ಹೊತ್ತು

ಹೊಸ ಟ್ಯಾಂಕ್ ಆದರೆ ಮೊದಲ ಮೂರ್ನಾಲ್ಕು ವಾರ ದಿನಕ್ಕೆ 5ರಿಂದ 6 ಗಂಟೆ, ಅದೂ ಒಂದೇ ಸಾಲು. ಗಿಡ ಬೇರು ಬಿಟ್ಟು ಹೊಸ ಎಲೆ ತೆಗೆದ ಮೇಲೆ 7 ಗಂಟೆ. ಎರಡನೇ ಸಾಲನ್ನು ನಡುವಿನ 3-4 ಗಂಟೆ ಮಾತ್ರ ಸೇರಿಸಿ. ಎಂಟು ಗಂಟೆ ದಾಟುವ ಅಗತ್ಯ ನನಗಂತೂ ಬಂದಿಲ್ಲ. ನಾನು ಮಧ್ಯಾಹ್ನ ಮೂರರಿಂದ ರಾತ್ರಿ ಹತ್ತರವರೆಗೆ ಇಟ್ಟಿದ್ದೇನೆ. ಬೆಳಗ್ಗೆ ಯಾರೂ ನೋಡುವವರಿಲ್ಲ, ಅಲ್ವಾ?

ಟೈಮರ್ ಕೊಳ್ಳುವಾಗ ಮುಳ್ಳು ತಿರುಗುವ ಮೆಕ್ಯಾನಿಕಲ್ ಬೇಡ. ಕರೆಂಟ್ ಹೋದಷ್ಟು ಹೊತ್ತು ಅದೂ ನಿಲ್ಲುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಟ್ಯಾಂಕ್‌ನಲ್ಲಿ ನಡುರಾತ್ರಿ ಬೆಳಗಾಗುತ್ತಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ, ಸಾಲಿಗೊಂದು.

ಟ್ಯಾಂಕ್ ಮೇಲೆ ಕಿಟಕಿಯ ಬಿಸಿಲು ಬೀಳುತ್ತಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ದಿನಕ್ಕೆ ಒಂದು ಗಂಟೆಯ ನೇರ ಬಿಸಿಲು ನಿಮ್ಮ ಇಡೀ ದೀಪವನ್ನು ಮೀರಿಸುತ್ತದೆ. ಟ್ಯಾಂಕ್ ಸರಿಸಿ, ಇಲ್ಲವೇ ಪರದೆ ಹಾಕಿ.

ಆಮೇಲೆ ಗಿಡವನ್ನೇ ನೋಡುತ್ತಿರಿ. ಕಾಂಡ ಸೊರಗಿ, ಎಲೆ ಎಲೆಯ ನಡುವೆ ಉದ್ದ ಜಾಗ ಬಿಟ್ಟು ಮೇಲಕ್ಕೆ ಓಡುತ್ತಿದ್ದರೆ ಬೆಳಕು ಸಾಲದು. ಗಾಜಿನ ಮೇಲೆ ಗಟ್ಟಿ ಹಸಿರು ಚುಕ್ಕಿ, ಎಲೆಯಂಚಿಗೆ ಕೂದಲು ಬಂದರೆ ಜಾಸ್ತಿ. ಹೊಸ ಟ್ಯಾಂಕ್‌ನಲ್ಲಿ ಕಂದು ಬಣ್ಣದ ಪುಡಿಯಂಥ ಪಾಚಿ ಬಂದರೆ ಗಾಬರಿ ಬೇಡ, ಕೆಲವು ವಾರಕ್ಕೆ ತಾನೇ ಹೋಗುತ್ತದೆ. ಕ್ರಿಪ್ಟೊಕೊರೈನ್ ಹೊಸ ನೀರಿಗೆ ಬಂದ ಕೂಡಲೇ ಎಲೆಯನ್ನೆಲ್ಲ ಕರಗಿಸಿಕೊಂಡು ಸತ್ತ ಹಾಗೆ ನಾಟಕ ಮಾಡುತ್ತದೆ. ಅದಕ್ಕೆ ದೀಪ ಬದಲಿಸಲು ಹೋಗಬೇಡಿ, ಬೇರಿದ್ದರೆ ಮತ್ತೆ ಚಿಗುರುತ್ತದೆ. ಏನೇ ಬದಲಾಯಿಸಿದರೂ ಎರಡು ವಾರ ಕಾಯಿರಿ. ಬೆಳಕು, ಗೊಬ್ಬರ, ನೀರು ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಗಿಡ ಜಾಸ್ತಿಯಾಗಿ ಕತ್ತರಿಸಿದಾಗ ಆ ತುಂಡುಗಳನ್ನು ಕುಕ್ಕರಹಳ್ಳಿ ಕೆರೆಗೋ, ವರುಣಾ ನಾಲೆಗೋ ಎಸೆಯಬೇಡಿ. ಹೊರದೇಶದ ಗಿಡ ಅಲ್ಲಿ ಬೇರು ಬಿಟ್ಟರೆ ತೆಗೆಯುವವರಿಲ್ಲ. ಒಣಗಿಸಿ ಹೂಕುಂಡಕ್ಕೆ ಹಾಕಿ.

ಕೆಟ್ಟರೆ

ಕಾವೇರಿ ನೀರಿನ ಮನೆಯವರಿಗೆ ತೊಂದರೆ ಕಡಿಮೆ. ಬೋರ್‌ವೆಲ್ ನೀರಾದರೆ ಸಿಡಿದ ಹನಿ ಒಣಗಿ ಅಕ್ರಿಲಿಕ್ ಮೇಲೆ ಬಿಳಿ ಕಲೆ ಕೂರುತ್ತದೆ. ಎರಡು ತಿಂಗಳು ಬಿಟ್ಟರೆ ದೀಪ ಮಂಕಾಗಿದೆ ಅನ್ನಿಸುತ್ತದೆ, ಮಂಕಾಗಿರುವುದು ಮುಚ್ಚಳ ಅಷ್ಟೆ. ದೀಪ ಆರಿಸಿ, ಬಟ್ಟೆಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಹಾಕಿ ಒರೆಸಿ. ಪಾತ್ರೆ ಉಜ್ಜುವ ಒರಟು ನಾರು ಮುಟ್ಟಿಸಬೇಡಿ, ಅಕ್ರಿಲಿಕ್‌ಗೆ ಗೀರು ಬೀಳುತ್ತದೆ.

ಒಂದು ದಿನ ಇಡೀ ಸಾಲು ಆರಿಹೋದರೆ ಹತ್ತೂ ಸತ್ತಿವೆ ಅಂತ ತಿಳಿಯಬೇಡಿ. ಸರಣಿಯಲ್ಲಿ ಒಂದರ ಒಳಗೆ ತಂತಿ ಕಡಿದರೂ ಎಲ್ಲಾ ಆರುತ್ತವೆ, ಹಳೆಯ ಸೀರಿಯಲ್ ಸೆಟ್ ಇದ್ದ ಹಾಗೆ. ಮೊದಲು ಎರಡೂ ಡ್ರೈವರ್‌ಗಳನ್ನು ಪ್ಲಗ್‌ನಿಂದ ತೆಗೆದು, ಸಾಲುಗಳನ್ನು ಅದಲು ಬದಲು ಜೋಡಿಸಿ ನೋಡಿ. ಆರಿದ ಸಾಲು ಈಗ ಉರಿದರೆ ತಪ್ಪು ಡ್ರೈವರ್‌ನದು. ಉರಿಯದಿದ್ದರೆ ಮತ್ತೆ ಪ್ಲಗ್ ತೆಗೆದು, ಅಕ್ರಿಲಿಕ್ ಬಿಚ್ಚಿ, ಬಟನ್ ಸೆಲ್ಲನ್ನು ಎರಡು ಸಣ್ಣ ತಂತಿಯಲ್ಲಿ ಒಂದೊಂದೇ ಎಲ್‌ಇಡಿಗೆ ಮುಟ್ಟಿಸುತ್ತಾ ಬನ್ನಿ. ಮಿಣುಕದ್ದು ಯಾವುದೋ ಅದೇ ಕಳ್ಳ. ಮೊದಲೇ ತಂದಿಟ್ಟ ಮೂರು ಎಲ್‌ಇಡಿ ಈಗ ಕೆಲಸಕ್ಕೆ ಬರುತ್ತವೆ. ನಾನು ಅವನ್ನೂ ಆ ಸೆಲ್ಲನ್ನೂ ಒಂದು ಪುಟ್ಟ ಡಬ್ಬಿಗೆ ಹಾಕಿ, ಡ್ರೈವರ್ ಪೆಟ್ಟಿಗೆಯ ಬೆನ್ನಿಗೇ ಟೇಪ್ ಸುತ್ತಿ ಅಂಟಿಸಿದ್ದೇನೆ. ಬೇರೆ ಎಲ್ಲಿಟ್ಟರೂ ಬೇಕಾದ ದಿನ ಸಿಗುವುದಿಲ್ಲ.